ಪೈಪಿನ ಒಳಗಿನ ಬೆಸುಗೆ

ಗಂಡನ ಹಟ ಕೇಳಿ ಕೇಳಿ ಹಳೇ ಹುಬ್ಬಳ್ಳಿಯ ಕಸ್ತೂರೆವ್ವನಿಗೆ ತಲೆ ಚಿಟ್ಟು ಹಿಡಿದಿತ್ತು. ಹುಲಗಪ್ಪ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಹೆಸರಾದ ವೆಲ್ಡರ್. ಮುಂಬಯಿಯಿಂದ ಬಂದ ಹೊಸ ಪೈಪು ಬೆಸೆಯಲು ಮತ್ತೆ ಪರೀಕ್ಷೆ ಕೊಡಬೇಕು ಎಂದು ಕಾರ್ಖಾನೆಯವರು ಹೇಳಿದ್ದೇ ತಡ, ಮಹಾಶಯನಿಗೆ ಸಿಟ್ಟು ನೆತ್ತಿಗೇರಿತ್ತು. ಆ ಪೈಪಿನಲ್ಲಿ ಹರಿಯುವುದು ಆಸಿಡ್. ಅದರ ಪಕ್ಕದಲ್ಲಿ ನಿಂತು ದುಡಿಯಬೇಕಾದವನು ಕಸ್ತೂರೆವ್ವನ ಒಡಹುಟ್ಟಿದ ತಮ್ಮ ಫಕೀರಪ್ಪ.

ಸಂಜೆ ಸೂಪರ್‌ವೈಜರ್ ಏಕನಾಥರಾಯರು ಬಗ್ಗಿಸಿದ ಪೈಪಿನ ತುಂಡೊಂದನ್ನು ಹಿಡಿದು ಮನೆಗೇ ಬಂದರು.

"ರಾಯರ, ಉಗಿಬಂಡಿ ಬಾಯ್ಲರ್ ಬೆಸದ ಕೈರಿ ಇದು. ನನಗ ಮತ್ತ ಪರೀಕ್ಷಾ ಏನ್ರಿ?" ಎಂದ ಹುಲಗಪ್ಪ.

"ಅದು ಸಾದಾ ಉಕ್ಕು, ಹುಲಗಪ್ಪ. ಇದು ಹೊರಗ ಸಾದಾ, ಒಳಗ ತುಕ್ಕು ಹಿಡೀಲಾರದ ಉಕ್ಕಿನ ತೆಳು ಪದರ. ಆ ಪದರಕ್ಕ ಬ್ಯಾರೆ ವೆಲ್ಡಿಂಗ್ ಕಡ್ಡಿ ಬೇಕು. ನಿನ್ನೆ ನೀವು ಹಟಾ ಮಾಡಿ ಸಾದಾ ಕಡ್ಡೀಲೆ ಬೆಸದ ತುಂಡು ಕೊಯ್ದು, ಬೆಸುಗೆ ಗಟ್ಟಿ ಅದನೋ ಇಲ್ಲೋ ನೋಡಲಿಕ್ಕೆ ಬಗ್ಗಿಸೇವಿ. ಒಳಗ ಬಿರದದ, ನೋಡ್ರಿ. ಇಂಥಾ ಬಿರುಕಿನಾಗ ಆಸಿಡ್ ಇಳದು ಹೊರಗಿನ ಉಕ್ಕು ತಿಂತದ."

"ತುಂಡ ಖರಾಬ್ ಇರಬೇಕು. ಹೊರಗ ನೋಡ್ರಿ, ಎಷ್ಟ್ ನುಣುಪೈತಿ."

ಇನ್ನು ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲ ಎನಿಸಿತು ಕಸ್ತೂರೆವ್ವನಿಗೆ. ಮೂಲೆಗೆ ಎತ್ತಿಟ್ಟಿದ್ದ ಹಿತ್ತಾಳೆ ಪಾತ್ರೆ ತಂದು ಒಲೆಯ ಮೇಲೆ ಕುಕ್ಕಿ, ಹುಣಸೆಹುಳಿ ಸುರಿದಳು.

"ಏ, ಅದರ ಕಲಾಯಿ ಹೋಗೇತಿ. ಕಿಲುಬು ಹತ್ತತೈತಿ. ಮಂದೀನ್ನ ಕೊಲ್ಲಾಕಿ ಏನ?" ಹುಲಗಪ್ಪ ಗದರಿದ.

"ಹೊರಗ ಫಳಫಳ ಹೊಳ್ಯಾಕತ್ತೈತಲ್ರಿ. ಒಳಗಿಂದು ಯಾರ ನೋಡ್ತಾರ?" ಎಂದಳು ಕಸ್ತೂರೆವ್ವ. "ಪಾತ್ರಿಗೆ ಇಷ್ಟ್ ಅಂಜತೀರಿ. ಪೈಪಿಗೆ ಅಂಜೂದಿಲ್ಲೇನು? ಅದರ ಬಾಜೂಕ ನಿಂದ್ರಾಂವ ನನ್ನ ತಮ್ಮ."

ಹುಲಗಪ್ಪ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿದ. ಬಗ್ಗಿಸಿದ ತುಂಡನ್ನು ಎತ್ತಿಕೊಂಡು ಒಳಮೈಯ ಮೇಲೆ ಬೆರಳಾಡಿಸಿದ. ಬಿರುಕಿಗೆ ಉಗುರು ಸಿಕ್ಕಿಕೊಂಡಿತು.

"ಆ ಬ್ಯಾರೆ ಕಡ್ಡಿ ಹೆಂಗ ಹಿಡೀಬೇಕು, ತೋರಸ್ರಿ ರಾಯರ," ಎಂದ ಮೆಲ್ಲಗೆ.

ಕಲಿಯುವಾಗ ಗೊಣಗಿದ್ದೇ ಗೊಣಗಿದ್ದು. ಮೊದಲ ತುಂಡು ಮತ್ತೆ ಬಿರಿಯಿತು. ಕೊನೆಗೆ ಒಂದು ತುಂಡು ಪೂರ್ತಿ ಬಗ್ಗಿದರೂ ಬಿರಿಯಲಿಲ್ಲ. ಅದನ್ನು ಅವನು ನೇರವಾಗಿ ಒಯ್ದು ಫಕೀರಪ್ಪನ ಕೈಯಲ್ಲಿಟ್ಟ. ಕಸ್ತೂರೆವ್ವ ಪಾತ್ರೆಯನ್ನು ಕಲಾಯಿಗೆ ಕೊಟ್ಟಳು.

ವೆಲ್ಡಿಂಗ್ ಕೆಲಸದ ಅಣ್ಣತಮ್ಮಂದಿರೇ, ಸಾದಾ ಪೈಪಿನ ಪರೀಕ್ಷೆ ಪದರದ ಪೈಪಿಗೆ ಸಾಲದು. ಮೊದಲು ಕಲಿಯಿರಿ, ತುಂಡು ಬೆಸೆದು ಪರೀಕ್ಷೆಗೆ ಕೊಡಿ. ಬಿರಿಯುವುದಿದ್ದರೆ ಅದು ಅಲ್ಲೇ ಬಿರಿಯಲಿ. ನಿಮ್ಮ ಮನೆಯವರೊಬ್ಬರು ಪಕ್ಕದಲ್ಲಿ ನಿಂತಾಗ ಬೇಡ.