ಎಡಗೈಯ ಉಪ್ಪು

ಸತ್ತವರಿಗೆ ಬಡಿಸುವ ಅಡಿಗೆಯನ್ನು ಮಾಡಿದವರು ರುಚಿ ನೋಡಬಾರದು. ತೋಡಾರಿನ ಆ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ, ಎಲ್ಲರಿಗೂ ಗೊತ್ತು. ಬಣ್ಣ ನೋಡಿ, ಕುದಿಯುವ ಸದ್ದು ಕೇಳಿ ಅಂದಾಜು ಮಾಡಬೇಕು. ಮೊದಲ ತುತ್ತು ಎಲೆಗೆ, ಅಂದರೆ ಹೋದವರಿಗೆ. ಅವರು ಉಂಡಾದ ಮೇಲೆ ಇದ್ದವರಿಗೆ.

ಸರಸಕ್ಕನ ಉತ್ತರಕ್ರಿಯೆಯ ದಿನ ಸಂಜೆ, ಕೋಳಿ ಪದಾರ್ಥದ ಪಾತ್ರೆಯ ಮುಂದೆ ನಿಂತಿದ್ದ ಸೊಸೆ ಪ್ರಾಪ್ತಿಗೆ ಈ ಅಂದಾಜೇ ಇರಲಿಲ್ಲ. ಮದುವೆಯಾಗಿ ಬಂದಲ್ಲಿಂದ ಅವಳು ದಿನಾ ಅಡಿಗೆ ಮಾಡಿದ್ದಳು, ಆದರೆ ಒಂದು ದಿನವೂ ಮಾಡಿ ಮುಗಿಸಿದ್ದಿಲ್ಲ. ಮುಗಿಸುತ್ತಿದ್ದವರು ಅತ್ತೆ, ಅವಳ ಬಾಯಲ್ಲಿ ಮಾಮಿ. ಪದಾರ್ಥ ಇಳಿಸುವ ಹೊತ್ತಿಗೆ ಸರಸಕ್ಕ ಎಲ್ಲಿದ್ದರೂ ಬಂದು, ಎಡಗೈಯನ್ನು ಉಪ್ಪಿನ ಭರಣಿಗೆ ಹಾಕಿ, ಒಂದು ಮುಷ್ಟಿ ಹರಳುಪ್ಪು ತೆಗೆದು ಪಾತ್ರೆಗೆ ಬಿಡುತ್ತಿದ್ದರು. ಬೆರಳಿಗೆ ಅಂಟಿದ್ದು ಬೀಳಲೆಂದು ಪಾತ್ರೆಯ ಅಂಚಿಗೆ ಕೈ ಬಡಿಯುತ್ತಿದ್ದರು, ಟಕ್ ಟಕ್. ಅವರಿಗೆ ಎಲ್ಲ ಕೆಲಸಕ್ಕೂ ಎಡಗೈಯೇ ಮುಂದೆ. "ಈಗ ಊಟಕ್ಕಾಯ್ತು" ಎನ್ನುತ್ತಿದ್ದರು. ಪ್ರಾಪ್ತಿ ಉಪ್ಪು ಸರಿಯಾಗಿಯೇ ಹಾಕಿದ್ದರೂ ಆ ಮುಷ್ಟಿ ತಪ್ಪುತ್ತಿರಲಿಲ್ಲ.

ಆವತ್ತು ಆ ಕೈ ಇರಲಿಲ್ಲ. ಪದಾರ್ಥ ಕುದಿಯುತ್ತಲೇ ಇತ್ತು. ಉಪ್ಪು ಸಾಕೋ, ಸಾಲದೋ? ಹೊರಗೆ ನೆಂಟರೆಲ್ಲ ಬಂದು ಕೂತಿದ್ದಾರೆ, ನಾಳೆ ಬಂಟ್ವಾಳದ ತನಕ ಸುದ್ದಿಯಾಗುತ್ತದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಬಲಗೈಯಲ್ಲಿದ್ದ ಸೌಟನ್ನು ಎಡ ಅಂಗೈಗೆ ಮೆಲ್ಲ ತಟ್ಟಿದಳು, ಬಿದ್ದ ಹನಿಯನ್ನು ನೆಕ್ಕಿದಳು. ದಿನಾ ಮಾಡುವ ಹಾಗೆಯೇ. ಉಪ್ಪು ಸರಿಯಾಗಿತ್ತು. ಕೈ ತೊಳೆದುಕೊಂಡಳು.

ನಡುಕೋಣೆಯಲ್ಲಿ ಎಲೆ ಬಡಿಸಿ, ಬಾಗಿಲೆಳೆದು, ಎಲ್ಲರೂ ಹೊರಗೆ ಮಾತಿಲ್ಲದೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಮಗ ಶೋಧನ್ ಬಾಗಿಲು ತಟ್ಟಿ ತೆರೆದ. ಎಲೆಯಲ್ಲಿ ಎಲ್ಲ ಹಾಗೆಯೇ ಇತ್ತು, ದೀಪ ಮಾತ್ರ ಆರಿತ್ತು. ಗಾಳಿಗೆ ಆರಿದ್ದು ಎಂದರು.

ಅದಾಗಿ ಹೆಚ್ಚು ಸಮಯ ಕಳೆದಿರಲಿಲ್ಲ, ಮಾವ ಸುಧಾಕರಣ್ಣ ಬಚ್ಚಲಿನ ಹೊಸ್ತಿಲಲ್ಲಿ ತಲೆ ತಿರುಗಿ ಬಿದ್ದರು. ಮೂಡುಬಿದಿರೆಯ ಡಾಕ್ಟರು ಪ್ರೆಶರ್ ನೋಡಿದ ಪಟ್ಟಿಯನ್ನು ಅವರ ತೋಳಿನಿಂದ ಬಿಡಿಸುತ್ತಾ ಪ್ರಾಪ್ತಿಯ ಕಡೆ ತಿರುಗಿದರು.

"ಅಡಿಗೆ ಯಾರಮ್ಮ ಮಾಡುದು?"

"ನಾನು."

"ಹಾಗಾದರೆ ಇವರ ಅರ್ಧ ಮದ್ದು ನಿಮ್ಮ ಕೈಯಲ್ಲಿ ಉಂಟು. ಉಪ್ಪು ಇಳಿಸಿ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಯಾವುದೂ ಬೇಡ. ಇನ್ನೊಮ್ಮೆ ಬಿದ್ದರೆ ನಾನು ಎಬ್ಬಿಸ್ತೇನೆ ಅಂತ ಹೇಳ್ಲಿಕ್ಕಾಗುದಿಲ್ಲ."

ಮಿಜಾರಿನ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಶೋಧನ್ ರಜೆ ಹಾಕಿ ಅಪ್ಪನನ್ನು ಮನೆಗೆ ಕರೆತಂದ. ಮನೆಗೆ ಬಂದವಳೇ ಪ್ರಾಪ್ತಿ ಅತ್ತೆಯ ಉಪ್ಪಿನಕಾಯಿ ಭರಣಿಗಳನ್ನೂ ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆಯನ್ನೂ ಆಚೆಮನೆಯ ನುಸ್ರತಕ್ಕನಲ್ಲಿ ಇಟ್ಟುಬಂದಳು.

ನುಸ್ರತಕ್ಕನ ಗಂಡನಿಗೂ ಪ್ರೆಶರ್. ಆದ್ದರಿಂದ ಅವಳಿಗೆ ದಾರಿ ಗೊತ್ತಿತ್ತು.

"ಉಪ್ಪು ಕಡಿಮೆ ಮಾಡಿ ಸುಮ್ಮನೆ ಕೂತರೆ ಆಗುದಿಲ್ಲ ಪ್ರಾಪ್ತಿ. ಅದರ ಕೆಲಸ ಬೇರೆಯವರಿಗೆ ಕೊಡ್ಬೇಕು. ಕೊತ್ತಂಬರಿಯನ್ನು ಸಣ್ಣ ಬೆಂಕಿಯಲ್ಲಿ ಹುರಿ. ಒಳ್ಳೆಮೆಣಸಿನ ಕಾಳು ಸ್ವಲ್ಪ ಜಾಸ್ತಿ ಹಾಕು. ಹುಳಿಯನ್ನು ಕೊನೆಗೆ ಬಿಡು. ನಮ್ಮ ಹಾರಿಸ್‌ನ ಅಪ್ಪನಿಗೆ ಹೀಗೆ ಬಡಿಸ್ಲಿಕ್ಕೆ ಹಿಡಿದು ವರ್ಷ ಆಯ್ತು, ಗೊತ್ತೇ ಆಗ್ಲಿಲ್ಲ."

"ನಿಜವಾಗಿ ಗೊತ್ತಾಗ್ಲಿಲ್ವಾ?"

"ಗೊತ್ತಾಗಿರ್ಬೇಕು. ಬಾಯಿ ಬಿಡ್ಲಿಲ್ಲ. ಬಾಯಿ ಬಿಟ್ಟರೆ ನಾಳೆಯಿಂದ ಅಡಿಗೆ ಅವರೇ ಮಾಡ್ಬೇಕಲ್ಲ."

ಪ್ರಾಪ್ತಿ ಕಲಿತಳು. ಹುರುಳಿಯ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಉಪ್ಪಿನ ನೆನಪಾಗುವುದಿಲ್ಲ ಎಂದು ಕಲಿತಳು. ಹುಳಿಗೆಂದು ಬಸಳೆಗೆ ಬಿಂಬುಳಿ ಬಿಟ್ಟಳು, ಮೀನಿಗೆ ಪುನರ್ಪುಳಿಯ ಸಿಪ್ಪೆ. ತೆಂಗಿನಕಾಯಿ ಅರ್ಧಕ್ಕಿಳಿಯಿತು, ಎಣ್ಣೆ ಅದಕ್ಕಿಂತಲೂ ಕೆಳಗೆ. ಅಂಗೈಯಲ್ಲಿ ಹನಿ ತಟ್ಟಿ ನೋಡಿದಾಗ, ಹೌದು, ಇದು ನನ್ನದೇ ಅಡಿಗೆ ಅನ್ನಿಸುತ್ತಿತ್ತು.

ಆದರೆ ಊಟಕ್ಕೆ ಕೂತರೆ ಬೇರೆಯೇ.

"ಎಂಥ ಉಪ್ಪು ಮಾರಾಯ್ತಿ," ಎಂದ ಶೋಧನ್ ನೀರು ಕುಡಿದು. "ಡಾಕ್ಟರು ಹೇಳಿದ್ದು ಕೇಳ್ಲಿಲ್ವಾ ನಿನಗೆ?"

ಪ್ರಾಪ್ತಿ ಒಂದು ತುತ್ತು ಬಾಯಿಗಿಟ್ಟಳು. ಸಮುದ್ರದ ನೀರಿನ ಹಾಗಿತ್ತು. ಇಳಿಸುವ ಮೊದಲು ನೋಡಿದಾಗ ಸಪ್ಪೆ ಎನ್ನುವಷ್ಟು ಉಪ್ಪು ಕಡಿಮೆಯಿದ್ದ ಪದಾರ್ಥ ಅದು.

"ನನಗೆ ಸರಿ ಉಂಟು," ಎಂದರು ಮಾವ, ತಲೆಯೆತ್ತದೆ. ಬಟ್ಟಲು ಒರಸಿದ ಹಾಗೆ ಉಂಡರು.

ಮರುದಿನವೂ ಅದೇ. ಅದರ ಮರುದಿನವೂ. ಅವಳು ಸಣ್ಣ ಚಮಚದಲ್ಲಿ ಅಳೆದು ಹಾಕಿದಳು. ನುಸ್ರತಕ್ಕನನ್ನು ಕರೆದು ಕುದಿಯುವಾಗ ರುಚಿ ನೋಡಿಸಿದಳು. "ಇನ್ನೂ ಒಂದು ಚಿಟಿಕೆ ಹಾಕಬಹುದು," ಎಂದು ಹೋದಳು ಅವಳು. ಊಟದ ಹೊತ್ತಿಗೆ ನಾಲಿಗೆ ಸುಡುವಷ್ಟು ಉಪ್ಪು. ಮೂಡುಬಿದಿರೆಗೆ ಹೋದರೆ ಪ್ರೆಶರ್ ಇಳಿದಿರಲಿಲ್ಲ, ಏರಿತ್ತು. "ಎಲ್ಲಿಂದಲೋ ಉಪ್ಪು ಹೋಗ್ತಾ ಉಂಟು," ಎಂದರು ಡಾಕ್ಟರು. ಶೋಧನ್ ಹೆಂಡತಿಯ ಮುಖ ನೋಡಿದ. ಆ ನೋಟ ಅವಳಿಗೆ ಚುಚ್ಚಿತು.

ಮತ್ತೊಂದಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಡಿಗೆ ಇಳಿಸುವ ಹೊತ್ತಿಗೆ ಎಲ್ಲೋ ಹತ್ತಿರದಲ್ಲೇ ಒಂದು ಸದ್ದು ಕೇಳುತ್ತಿತ್ತು, ಟಕ್ ಟಕ್. ತಿರುಗಿದರೆ ಯಾರೂ ಇಲ್ಲ. ಎಡ ಅಂಗೈ ಯಾವಾಗಲೂ ತುರಿಸುತ್ತಿತ್ತು. ಬೆಳಕಿಗೆ ಹಿಡಿದರೆ ಗೆರೆಗಳ ಒಳಗೆಲ್ಲ ಬಿಳಿ. ಎಷ್ಟು ತೊಳೆದರೂ ಒಣಗಿದ ಮೇಲೆ ಮತ್ತೆ ಬಿಳಿ.

ಆಸ್ಪತ್ರೆಯಿಂದ ಬಂದ ಮೇಲೆ ಮಾವನಿಗೆ ಒಂದು ಹೊಸ ಅಭ್ಯಾಸವಾಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಕೂರುವುದು. ಪಾಪ, ಹೊತ್ತು ಹೋಗಬೇಕಲ್ಲ ಎಂದು ಪ್ರಾಪ್ತಿ ಅಂದುಕೊಂಡಿದ್ದಳು. ಒಂದು ದಿನ ಪದಾರ್ಥ ಕುದಿಯುತ್ತಿರುವಾಗ ಅವಳು ಕಿಟಕಿಯಾಚೆ ಕರಿಬೇವಿನ ಗಿಡ ನೋಡುತ್ತಾ ನಿಂತಿದ್ದಳು. ಯಾಕೋ ತಿರುಗಿದಾಗ ಮಾವ ನಗುತ್ತಿದ್ದರು. ಮದುಮಗ ನಗುವ ಹಾಗೆ.

"ಎಂಥ ನೋಡ್ತಿದ್ದೀರಿ ಮಾವ?"

"ಏನಿಲ್ಲ ಮಗಾ."

"ನನ್ನ ಹಿಂದೆ ಯಾರಾದ್ರೂ ಇದ್ದಾರಾ?"

"ಹಿಂದೆ ಅಲ್ಲ," ಎಂದರು ಮಾವ.

ಅವರ ಕಣ್ಣು ಹೋದ ಕಡೆ ಅವಳೂ ನೋಡಿದಳು. ತನ್ನದೇ ಎಡಗೈ ಪಾತ್ರೆಯ ಮೇಲಿತ್ತು. ಬೆರಳುಗಳಲ್ಲಿ ಹರಳುಪ್ಪು ಅಂಟಿತ್ತು. ಅವಳು ನೋಡುತ್ತಿರುವಾಗಲೇ ಆ ಕೈ ಪಾತ್ರೆಯ ಅಂಚಿಗೆ ಬಡಿಯಿತು, ಟಕ್ ಟಕ್. ಆಮೇಲೆ ಕೆಲಸ ಮುಗಿಸಿದವರ ಹಾಗೆ ಪಕ್ಕಕ್ಕೆ ಬಂದು ಜೋತುಬಿತ್ತು. ಪ್ರಾಪ್ತಿ ಗೋಡೆ ಹಿಡಿದುಕೊಂಡಳು, ಬಲಗೈಯಿಂದ.

"ಯಾವಾಗಿನಿಂದ ಮಾವ?"

"ನಾನು ಆಸ್ಪತ್ರೆಯಿಂದ ಬಂದಲ್ಲಿಂದ. ಮೊದಲು ನೀನು ಅವಳನ್ನು ನೋಡಿ ಕಲಿತದ್ದು ಅಂತ ಗ್ರಹಿಸಿದೆ. ಆಮೇಲೆ ಗೊತ್ತಾಯ್ತು, ಉಪ್ಪು ಬೀಳುವಾಗ ನೀನು ಬೇರೆಲ್ಲೋ ನೋಡ್ತಾ ಇರ್ತಿ. ಕೈ ಮಾತ್ರ ಅವಳದ್ದು."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳಿದರೆ ನೀನು ನಿಲ್ಲಿಸ್ತಿದ್ದಿ."

"ಅದು ನಿಮಗೆ ವಿಷ."

"ಅಷ್ಟು ವರ್ಷ ತಿಂದ ವಿಷವೇ ಅಲ್ವಾ." ಮಾವ ಕೈಯಲ್ಲಿದ್ದ ಬಸಳೆಯ ಎಲೆಯನ್ನು ಮಡಚಿದರು, ಬಿಡಿಸಿದರು. "ದಿನಕ್ಕೊಮ್ಮೆಯಾದರೂ ಅವಳ ಕೈ ಕಾಣ್ತದೆ. ಬಿಡು ಮಗಾ. ಎಷ್ಟು ದಿನ ಉಂಟೋ ಅಷ್ಟು ದಿನ."

ಪ್ರಾಪ್ತಿ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಪದಾರ್ಥವನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. ಮಾವ ಅಂದು ಬರಿಯ ಗಂಜಿ ಕುಡಿದರು.

ಉಪ್ಪಿನ ಭರಣಿಯೂ ನುಸ್ರತಕ್ಕನ ಮನೆಗೆ ಹೋಯಿತು. ಮನೆಯಲ್ಲಿ ಒಂದು ಹರಳು ಉಪ್ಪಿಲ್ಲ. ಆದರೂ ಪದಾರ್ಥ ಉಪ್ಪಾಯಿತು. ಎಡಗೈಗೆ ಬಟ್ಟೆ ಕಟ್ಟಿಕೊಂಡಳು. ಬಿಚ್ಚುವಾಗ ಬಟ್ಟೆ ಕಡಲ ಗಾಳಿಗೆ ಒಣಗಿದ ಬಲೆಯ ಹಾಗೆ ಸೆಟೆದುಕೊಂಡಿತ್ತು. ಆಗ ಆ ಅಂಗೈಯನ್ನು ಮುಂದೆ ಹಿಡಿದು ಕೂತವಳಿಗೆ ಉತ್ತರಕ್ರಿಯೆಯ ಸಂಜೆ ನೆನಪಾಯಿತು. ಸೌಟು ತಟ್ಟಿದ್ದು ಇಲ್ಲಿಗೆ. ನೆಕ್ಕಿದ್ದು ಇಲ್ಲಿಂದ. ಮೊದಲ ತುತ್ತು ಎಲೆಗೆ ಹೋಗಲೇ ಇಲ್ಲ, ಈ ಅಂಗೈಗೆ ಬಿತ್ತು. ಊಟಕ್ಕೆಂದು ಬಂದ ಮಾಮಿ ಊಟ ಇದ್ದಲ್ಲಿಗೇ ಬಂದು ಕೂತಿದ್ದಾರೆ.

ಆಟಿ ತಿಂಗಳು ಬಂತು. ಸತ್ತವರಿಗೆ ಮತ್ತೆ ಎಲೆ ಹಾಕುವ ತಿಂಗಳು. ಸರಸಕ್ಕನ ಅಕ್ಕ, ಬಂಟ್ವಾಳದ ದೊಡ್ಡಮ್ಮ, ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದಿಳಿದರು. ಅಡಿಗೆಮನೆಗೆ ಬಂದು ಮಸಾಲೆ ನೋಡಿದರು.

"ಇಷ್ಟೇಯಾ ತೆಂಗಿನಕಾಯಿ? ನನ್ನ ತಂಗಿಗೆ ಆಸ್ಪತ್ರೆಯ ಊಟ ಬಡಿಸ್ತೀಯಾ?"

"ಉಳಿದದ್ದು ಮಾವ ಉಣ್ಣಬೇಕಲ್ಲ ದೊಡ್ಡಮ್ಮ."

"ಅವಳ ಹಾಗೆ ಮಾಡದಿದ್ದರೆ ಅವಳು ಹಿಂದೆ ಹೋಗುದಿಲ್ಲ, ನೋಡು."

"ಅವರ ಹಾಗೆ ಮಾಡಿದರೂ ಹೋಗುದಿಲ್ಲ," ಎಂದಳು ಪ್ರಾಪ್ತಿ. ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ಕೂತಿದ್ದ ಮಾವನಿಗೆ ಆಯಿತು.

ನುಸ್ರತಕ್ಕನಲ್ಲಿಂದ ಭರಣಿ ತರಿಸಿ ಒಲೆಯ ಪಕ್ಕದಲ್ಲಿಟ್ಟಿದ್ದಳು. ಅಡಗಿಸಿ ಪ್ರಯೋಜನವಿಲ್ಲ ಎಂದು ಗೊತ್ತಾಗಿತ್ತು. ಕೊತ್ತಂಬರಿಯನ್ನು ಸಣ್ಣ ಬೆಂಕಿಯಲ್ಲಿ ಹುರಿದಳು, ಕೋಳಿ ಬೇಯಿಸಿದಳು, ಹುಳಿ ಬಿಟ್ಟಳು. ಬಲಗೈಯಿಂದ ಸ್ವಲ್ಪ ಉಪ್ಪು ಹಾಕಿದಳು. ಸೌಟು ಅಂಗೈಗೆ ತಾಗಲಿಲ್ಲ. ಬಣ್ಣ ನೋಡಿದಳು, ಕುದಿಯುವ ಸದ್ದು ಕೇಳಿದಳು. ಸಾಕು ಅನ್ನಿಸಿತು. ಯಾರನ್ನೂ ಕೇಳಬೇಕು ಅನ್ನಿಸಲಿಲ್ಲ.

ಆಗ ಎಡಗೈ ಎದ್ದಿತು. ಭರಣಿಯೊಳಗೆ ಹೋಯಿತು. ಮುಷ್ಟಿ ತುಂಬಿಕೊಂಡು ಪಾತ್ರೆಯ ಮೇಲೆ ಬಂತು. ಈ ಸಲ ಪ್ರಾಪ್ತಿ ಕಿಟಕಿಯಾಚೆ ನೋಡಲಿಲ್ಲ.

"ಮಾಮಿ, ನಾನು ಹಾಕಿ ಆಯ್ತು," ಎಂದಳು.

ಮುಷ್ಟಿ ಅಲ್ಲೇ ನಿಂತಿತು. ಕೆಳಗಿಂದ ಹಬೆ ಬರುತ್ತಿದ್ದರೂ ಕೈ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಈ ಪಾತ್ರೆ ಮಾವನಿಗೆ. ಇದರಲ್ಲಿ ಇನ್ನು ಉಪ್ಪು ಬೀಳಬಾರದು. ನಿಮ್ಮದು ನಿಮ್ಮ ಎಲೆಗೆ ಹಾಕುವ."

ಬಾಗಿಲಲ್ಲಿ ಕುರ್ಚಿ ಕಿರ್ರೆಂದಿತು. ಮಾವ ಎದ್ದು ನಿಂತಿದ್ದರು.

ಮುಷ್ಟಿ ಬಿಚ್ಚಲಿಲ್ಲ. ಮೆಲ್ಲನೆ ಪಕ್ಕಕ್ಕೆ ಬಂತು. ಪ್ರಾಪ್ತಿ ಒಂದೇ ಕೈಯಲ್ಲಿ ಒಲೆ ಆರಿಸಿದಳು, ಒಂದೇ ಕೈಯಲ್ಲಿ ಎಲೆ ಒರಸಿದಳು. ನಡುಕೋಣೆಯಲ್ಲಿ ಎಲೆ ಹಾಕಿ, ಎಲ್ಲಕ್ಕಿಂತ ಮೊದಲು ಉಪ್ಪು ಬಡಿಸುವ ತುದಿಗೆ ಎಡಗೈ ಚಾಚಿದಳು.

"ಎಡಗೈಯಲ್ಲಿ ಬಡಿಸ್ತಾರಾ ಹೆಣ್ಣೇ?" ಎಂದರು ದೊಡ್ಡಮ್ಮ.

"ಅವರ ಕೈ ದೊಡ್ಡಮ್ಮ."

ಮುಷ್ಟಿ ಬಿಚ್ಚಿತು. ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಉಪ್ಪು ಎಲೆಯ ತುದಿಗೆ ಸುರಿಯಿತು. ಸುರಿಯುತ್ತಲೇ ಇತ್ತು. ದೊಡ್ಡಮ್ಮ ಹಿಂದೆ ಸರಿದರು. ಸುರಿಯುವುದು ನಿಂತ ಮೇಲೆ ಪ್ರಾಪ್ತಿ ಬಲಗೈಯಿಂದ ಅನ್ನ, ಪದಾರ್ಥ ಬಡಿಸಿ, ದೀಪ ಇಟ್ಟು, ಹೊರಗೆ ಬಂದು ಬಾಗಿಲೆಳೆದಳು.

ಎಲ್ಲರೂ ಹೊರಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದ ಬಾಗಿಲಿನ ಒಳಗೆ ಟಕ್ ಟಕ್ ಎಂದಿತು. ಶೋಧನ್ ಹೆಂಡತಿಯ ಕಡೆ ನೋಡಿದ. ಅವಳ ಎರಡೂ ಕೈ ಮಡಿಲಿನಲ್ಲಿದ್ದವು.

ಬಾಗಿಲು ತೆರೆದಾಗ ದೀಪ ಉರಿಯುತ್ತಿತ್ತು. ಅನ್ನ, ಕೋಳಿ ಬಡಿಸಿದ ಹಾಗೆಯೇ ಇತ್ತು. ಎಲೆಯ ತುದಿಯಲ್ಲಿ ಉಪ್ಪು ಇರಲಿಲ್ಲ, ಒಂದು ಒದ್ದೆ ಗುರುತು ಮಾತ್ರ.

"ಇರುವೆ ಕೊಂಡುಹೋಗಿರ್ಬೇಕು," ಎಂದರು ದೊಡ್ಡಮ್ಮ ಸಣ್ಣ ದನಿಯಲ್ಲಿ.

"ಇರುವೆಗೆ ಸಕ್ಕರೆ ಸಿಗ್ಲಿಲ್ವಾ ದೊಡ್ಡಮ್ಮ," ಎಂದ ಶೋಧನ್.

ಊಟಕ್ಕೆ ಕೂತರು. ಮಾವ ಒಂದು ತುತ್ತು ಬಾಯಿಗಿಟ್ಟು ಪ್ರಾಪ್ತಿಯ ಎಡಗೈಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಅದು ಸೆರಗಿನ ತುದಿ ಹಿಡಿದುಕೊಂಡಿತ್ತು, ಯಾವ ಸೊಸೆಯ ಕೈಯಾದರೂ ಹಿಡಿಯುವ ಹಾಗೆ.

"ಉಪ್ಪು ಕಡಿಮೆ," ಎಂದರು.

"ಹೌದು ಮಾವ."

ಅವಳು ಭರಣಿ ತರಲು ಓಡಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ಸೌಟು ಹಿಡಿದು ಅಲ್ಲೇ ನಿಂತಳು. ಮಾವನ ಕಣ್ಣು ತುಂಬಿತು. ತಲೆ ತಗ್ಗಿಸಿ ಇನ್ನೊಂದು ತುತ್ತು ಕಲಸಿದರು, ಆಮೇಲೆ ಮತ್ತೊಂದು. ಬಟ್ಟಲು ಖಾಲಿಯಾದಾಗ ಮುಂದೆ ದೂಡಿದರು.

"ಕೊತ್ತಂಬರಿ ಒಳ್ಳೆ ಹುರಿದಿದ್ದಿ. ಸ್ವಲ್ಪ ಬಡಿಸು."

ಎಲ್ಲ ಮುಗಿದ ಮೇಲೆ ಪ್ರಾಪ್ತಿ ಪಾತ್ರೆ ತೊಳೆಯುವ ಮೊದಲು ಎಡ ಅಂಗೈಯನ್ನು ಬೆಳಕಿಗೆ ಹಿಡಿದಳು. ಗೆರೆಗಳು ಸ್ವಚ್ಛವಾಗಿದ್ದವು. ಬೆಳಗಿನಿಂದ ಒಲೆಯ ಮುಂದೆ ಬೆಂದು, ಅಂಗೈಯೆಲ್ಲ ಬೆವರಿತ್ತು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲನೆ ನಾಲಿಗೆ ತಾಗಿಸಿದಳು. ಬೆವರಿನ ಉಪ್ಪು ಕೂಡ ಇರಲಿಲ್ಲ.