ಕೆಜಾಯಳ ಅಂಗೈ

ಬಾಲ್ಟಿಮೋರಿನ ಹಡಗುಕಟ್ಟೆಯ ಕೇರಿಯಲ್ಲಿ ಕೆಜಾಯ ಬರ್ಗನ್ನಳ ಸೂಜಿಗೆ ಒಳ್ಳೆಯ ಹೆಸರಿತ್ತು; ನಾಲಿಗೆಗೆ ಅಷ್ಟಿರಲಿಲ್ಲ. ಆ ಚಳಿಗಾಲ, ಓಹಾಯೋಗೆ ಹೊರಟಿದ್ದ ಪಾದ್ರಿ ಹಾರ್ಗೆಟ್ಟರಿಗಾಗಿ ಚರ್ಚಿನ ಹೆಂಗಸರು ಕೌದಿ ಹೊಲಿಯುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಚೌಕ. ಕೆಜಾಯ ತನ್ನ ಚೌಕದಲ್ಲಿ ಅಂಗೈಯೊಂದನ್ನು ಹೊಲಿದು, ಅದರ ನಡುವೆ ಕೆಂಪು ಹೃದಯ ಕೂರಿಸಿದ್ದಳು.

ಹಿರಿಯಳಾದ ಡ್ರುಸಿಲಾ ಗಾಬರಿಯಾದಳು. "ಅದು ಆಡ್ ಫೆಲೋಸ್ ಸಂಘದ ಗುರುತು ಕಣೇ! ಗಂಡಸರದ್ದು. ಸುಮ್ನೆ ಒಂದು ಗುಲಾಬಿ ಹೊಲಿ."

"ಗುಲಾಬಿ ಆಗ್ಲೇ ರಾಶಿ ಬಿದ್ದಿದೆ ಅಕ್ಕ. ಪಾದ್ರಿಗಳು ಹೊದ್ಕೊಂಡ್ರೆ ಜೇನ್ನೊಣ ಮುತ್ಕೊಳ್ತವೆ."

ಎಲ್ಲರೂ ನಕ್ಕರು. ಕೆಜಾಯ ಮಾತ್ರ ಸೂಜಿ ನಿಲ್ಲಿಸಲಿಲ್ಲ. ಕಾಲರಾ ಬಂದ ಬೇಸಿಗೆಯಲ್ಲಿ ನೆರೆಯವರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಸಂಘದ ಸದಸ್ಯನಾಗಿದ್ದ ಅವಳ ಗಂಡ ಎಫ್ರೇಮನ ಹಾಸಿಗೆಯ ಬಳಿ ಕೊನೆಯುಸಿರಿನವರೆಗೂ ಸರದಿಯಲ್ಲಿ ಕೂತವರು, ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗುತ್ತೇವೆಂದು ಮಾತು ಕೊಟ್ಟಿದ್ದ ಆ ಸಂಘದವರೇ. ಆಮೇಲೆ ಅವರೇ ಒಬ್ಬೊಬ್ಬರಾಗಿ ಕಾಯಿಲೆ ಬಿದ್ದು ಮಲಗಿದಾಗ ಮನೆಮನೆಗೆ ಹೋಗಿ ಆರೈಕೆ ಮಾಡಿದವಳು ಇವಳು. ಆದರೂ ಸಂಘದ ಹೊಸ್ತಿಲು ಹೆಂಗಸರಿಗೆ ನಿಷಿದ್ಧ.

ಪಾದ್ರಿಗಳು ಸಂಘಕ್ಕೂ ಗುರುಗಳಾದ್ದರಿಂದ ಬೀಳ್ಕೊಡುಗೆ ಸಂಘದ ಸಭಾಂಗಣದಲ್ಲೇ ನಡೆಯಿತು. ಹೆಂಗಸರು ಮೆಟ್ಟಿಲ ಮೇಲೆಯೇ ನಿಂತು ಕೌದಿ ಒಪ್ಪಿಸಿದರು. ಸಂಘದ ಮುಖ್ಯಸ್ಥ ಲೆಮ್ಯುಯೆಲ್ ಸ್ಟ್ಯಾನ್ಸ್‌ಬರಿ ಅದನ್ನು ಬಿಡಿಸಿದವನೇ ಹುಬ್ಬು ಗಂಟಿಕ್ಕಿದ.

"ನಮ್ಮ ಗುಟ್ಟಿನ ಗುರುತು ಹೆಂಗಸರ ಕೈಗೆ ಹೇಗೆ ಬಂತು? ಯಾರು ಹೊಲಿದಿದ್ದು?"

"ನಾನು," ಎಂದಳು ಕೆಜಾಯ. "ಗುಟ್ಟಂತೆ! ಎದೆ ಮೇಲೆ ತೊಟ್ಕೊಂಡು ಊರೆಲ್ಲ ಮೆರವಣಿಗೆ ಹೋಗ್ತೀರಲ್ಲ, ನಮಗೇನು ಕಣ್ಣಿಲ್ವಾ? ಆ ಬೇಸಿಗೇಲಿ ನಿಮ್ಮ ತಲೆ ಎತ್ತಿ ಹಿಡಿದು ಗಂಜಿ ಕುಡಿಸಿದ್ದು ಯಾವ ಕೈ, ಸ್ಟ್ಯಾನ್ಸ್‌ಬರಿಯವರೇ? ಅದೇ ಕೈನ ಬಟ್ಟೆ ಮೇಲಿಟ್ಟು ಗೆರೆ ಎಳ್ಕೊಂಡೆ. ಬೇಡ ಅಂದ್ರೆ ಬಿಚ್ಚಿಬಿಡಿ."

ಆಗ ಡ್ರುಸಿಲಾ ಮುಂದೆ ಬಂದು ಕೆಜಾಯಳ ತೋಳು ಹಿಡಿದುಕೊಂಡಳು. "ಬಿಚ್ಚೋದಾದ್ರೆ ನನ್ನ ಗುಲಾಬೀನೂ ಬಿಚ್ಚಿ."

"ನಂದೂನು," ಎಂದಳು ಹಿಂದಿನಿಂದ ಒಬ್ಬಳು. "ನಂದೂನು!" ಮೆಟ್ಟಿಲುದ್ದಕ್ಕೂ ದನಿಗಳೆದ್ದವು.

ಸ್ಟ್ಯಾನ್ಸ್‌ಬರಿ ಆ ಅಂಗೈಯನ್ನೇ ನೋಡುತ್ತ ನಿಂತ. ಮುಖ ಕೆಂಪಾಯಿತು, ಕಣ್ಣು ತುಂಬಿತು. ಟೋಪಿ ತೆಗೆದ.

"ನಾನು ಬದುಕಿದ್ದೇ ಈ ಕೈಯಿಂದ," ಎಂದು ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದ. "ಏಳ್ರೋ! ಕುರ್ಚಿ ಬಿಡಿ. ಬಾಮ್ಮ ಕೆಜಾಯ, ಎಲ್ಲರನ್ನೂ ಕರ್ಕೊಂಡು ಬಾ."

ಬಾಗಿಲಿನ ಎರಡೂ ಕದ ತೆರೆದವು. ಗಂಡಸರು ಎದ್ದು ಗೋಡೆಗೊತ್ತಿ ನಿಂತರು. ಹೆಂಗಸರು ಲಂಗಗಳನ್ನು ಸರಸರ ಎನ್ನಿಸುತ್ತ ದೀಪಗಳ ಕೆಳಗೆ ನಡೆದು ಬಂದರು. ಪಾದ್ರಿಗಳು ಚಪ್ಪಾಳೆ ತಟ್ಟಿದ್ದೇ ತಡ, ಇಡೀ ಸಭೆ ಗುಡುಗಿತು. ಮುಂದಿನ ಸಾಲಿನ ನಟ್ಟನಡುವೆ ಕೆಜಾಯ ಬೆನ್ನು ನೆಟ್ಟಗೆ ಮಾಡಿ ಕೂತಳು.