ಬೆವರಿದ ಹಣೆ

ನೇಪಾಳದ ಪೋಖರಾದಿಂದ ಮನ್‌ಮಾಯಾ ಅರಸೀಕೆರೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ಬಸ್‌ಸ್ಟ್ಯಾಂಡಿನ ಬಳಿ ಹೋಟೆಲೊಂದರಲ್ಲಿ ಅಡುಗೆಯವನು. ಊರಿನವರು ಮೊದಲ ವರ್ಷವೇ ಅವಳನ್ನು ಮಾಯಮ್ಮ ಮಾಡಿಕೊಂಡಿದ್ದರು.

ಮೊದಮೊದಲು ಬೇಲೂರಿನ ಪ್ರವಾಸಿಗಳಿಗೆಂದು ಶಿಲಾಬಾಲಿಕೆಯರ ಚಿತ್ರ ಬರೆದಳು. ಹೊಟ್ಟೆಪಾಡು ನಡೆಯಿತು. ಆದರೆ ಅವಳ ಜೀವವಿದ್ದದ್ದು ಬೀದಿಯಲ್ಲಿ: ಹಳೇಬೀಡಿನ ಕಬ್ಬಿನಹಾಲಿನ ಗಾಡಿ, ಅರಸೀಕೆರೆಯ ಆಟೋಸ್ಟ್ಯಾಂಡು, ರೈಲಿಗೆ ಓಡುವ ಜನ. ಅವನ್ನು ಬರೆಯತೊಡಗಿದ ಮೇಲೆ ಬೆಂಗಳೂರಿನಲ್ಲಿ ಎರಡು ಪ್ರದರ್ಶನಗಳೂ ಆದವು. ಅರಸೀಕೆರೆಯ ಬೀದಿ ಎಲ್ಲೆಲ್ಲಿಯ ಗೋಡೆಗಳಿಗೋ ಹೋಯಿತು. ಅರಸೀಕೆರೆಯಲ್ಲಿ ಮಾತ್ರ ಒಬ್ಬರೂ ಒಂದು ಮೊಳೆ ಹೊಡೆಯಲಿಲ್ಲ.

ಆದ್ದರಿಂದ ಕೊಬ್ಬರಿ ಮಂಡಿಯ ಸುಮಿತ್ರಮ್ಮ ಬಂದು, ಹೊಸ ಮಂಡಿಯ ಗೋಡೆಗೆ ಚಿತ್ರ ಬೇಕು, ಅದರಲ್ಲಿ ಯಜಮಾನರೂ ಇರಬೇಕು ಎಂದ ದಿನ, ಅನ್ನ ಉಕ್ಕಿ ಒಲೆ ಆರಿದ್ದೂ ಮನ್‌ಮಾಯಾಳಿಗೆ ತಿಳಿಯಲಿಲ್ಲ. ಆ ಗೋಡೆ ಒಪ್ಪಿದರೆ ಊರೇ ಒಪ್ಪಿದಂತೆ. ಹದಿನೈದು ದಿನ ಹಳೇ ಮಂಡಿಯಲ್ಲೇ ಕೂತು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದಳು.

ಹೊಸ ಮಂಡಿ ತೆರೆಯುವ ದಿನ ಬಟ್ಟೆ ಸರಿಸಿದಾಗ, ಕೊಬ್ಬರಿ ಆರಿಸುವ ಹೆಂಗಸರು ಚಿತ್ರದಲ್ಲಿ ತಮ್ಮ ತಮ್ಮ ಮೂಗು ಹುಡುಕಿ ನಕ್ಕರು. ಯಜಮಾನ ರೇವಣಸಿದ್ದಪ್ಪನವರ ಮಗ ಚಿದಂಬರ ಮೆಲ್ಲಗೆ, ಅಪ್ಪಾಜಿಯ ಹಣೆಯಲ್ಲಿ ವಿಭೂತಿಯೇ ಇಲ್ಲವಲ್ಲ ಎಂದ. ನಗು ನಿಂತಿತು. ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನುಷ್ಯ ರೇವಣಸಿದ್ದಪ್ಪ.

"ಏನಮ್ಮ ಮಾಯಮ್ಮ, ನನ್ನ ಹಣೆ ಬರಿದಾಗಿದ್ದನ್ನ ಯಾವತ್ತಾದ್ರೂ ಕಂಡಿದೀಯ?"

ತಪ್ಪಾಯಿತು, ತಿದ್ದುತ್ತೇನೆ ಎಂದರೆ ಮುಗಿಯುತ್ತಿತ್ತು. ಆದರೆ ಕಂಡದ್ದನ್ನು ಕಂಡಿಲ್ಲವೆನ್ನುವುದು ಮನ್‌ಮಾಯಾಳಿಂದಾಗಲಿಲ್ಲ.

"ಕಂಡಿದೀನಿ, ಯಜಮಾನ್ರೆ. ದಿನಾ ಹನ್ನೆರಡರ ಮೇಲೆ. ಬೆವರು ಒರೆಸ್ಕೊತೀರಲ್ಲ, ಅದ್ರ ಜೊತೆ ವಿಭೂತಿನೂ ಹೋಯ್ತದೆ. ನಿಮ್ ಟವಲ್ ನೋಡ್ಕೊಳಿ."

ಎಲ್ಲರೂ ಅವರ ಹೆಗಲನ್ನು ನೋಡಿದರು. ಟವಲಿನ ತುಂಬ ಬಿಳಿ ಗೀರು.

"ಒಗೆಯೋಳು ನಾನು. ಅವಳು ಹೇಳಿದ್ದು ನಿಜ ಕಣ್ರೀ," ಎಂದರು ಸುಮಿತ್ರಮ್ಮ.

ರೇವಣಸಿದ್ದಪ್ಪ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದರು. ಬಣ್ಣ ಇನ್ನೂ ಹಸಿ ಎಂದು ಮನ್‌ಮಾಯಾ ಅನ್ನುವಷ್ಟರಲ್ಲಿ ಚಿತ್ರದ ಹಣೆಗೆ ಮೂರು ಬೆರಳು ಎಳೆದುಬಿಟ್ಟರು.

ಅವಳಿಗೆ ತನ್ನ ಮೈಮೇಲೇ ಗೀರಿದಂತಾಯಿತು. ಆಮೇಲೆ ದಿಟ್ಟಿಸಿದಳು. ಗೆರೆಗಳು ಸೊಟ್ಟಗಿದ್ದವು, ಬೆವರಿನ ಬಣ್ಣದೊಳಗೆ ಕದಡಿ, ಆಗಷ್ಟೇ ಅಳಿಯತೊಡಗಿದ ಹಾಗೆ. ಅಂಥ ಬಿಳಿ ಅವಳ ಕುಂಚಕ್ಕೆ ಎಂದೂ ಬಂದಿರಲಿಲ್ಲ.

"ಇನ್ನು ಇವ್ನು ಎಷ್ಟು ಬೇಕಾದ್ರೂ ಬೆವರ್ಲಿ ಬಿಡು," ಎಂದರು ರೇವಣಸಿದ್ದಪ್ಪ.

ಚಿದಂಬರ ಸುತ್ತಿಗೆ ಹಿಡಿದು ಸ್ಟೂಲು ಹತ್ತಿದ. ಮೊಳೆ ಇನ್ನೊಂದು ಗೇಣು ಮೇಲಿರಲಿ, ಲಾರಿಯವರಿಗೂ ಕಾಣಬೇಕು ಎಂದಳು ಮನ್‌ಮಾಯಾ.